ಊರ ನಕ್ಷೆಯೊಳಗ ನಮ್ಮ ಕೇರಿ ಎಲ್ಲೈತಿ?



ವಾಸ್ತುಶಿಲ್ಪ ಕಲಿಸುವ ಕಾಲೇಜುಗಳಲ್ಲಿ ಮೂರು ಮಾತನ್ನು ಮಂತ್ರದಂಗ ಹೇಳಿಕೊಡುತ್ತಾರೆ. ಹವಾಮಾನ ನೋಡು, ಸಮುದಾಯ ನೋಡು, ನಿವೇಶನ ನೋಡು, ಆಮೇಲೆ ಗೆರೆ ಎಳಿ. ಐದು ವರ್ಷದ ಓದಿನಲ್ಲಿ ಒಂದರ ಹಿಂದೊಂದು ಪ್ರಾಜೆಕ್ಟು. ಬಿಸಿಲುಸೀಮೆಯಲ್ಲಿ ಒಂದು ಮನೆ, ಕರಾವಳಿಯ ಮಳೆಯಲ್ಲಿ ಒಂದು ಶಾಲೆ, ನೇಕಾರರಿಗೊಂದು ಕಾಲನಿ, ಪಟ್ಟಣದ ನಟ್ಟನಡುವೆ ಒಂದು ಮಾರುಕಟ್ಟೆ. ಕೇಳಲಿಕ್ಕೆ ಬಹಳ ಚಲೋ ಐತಿ. ಬೆಂಗಳೂರಿನ ಗಾಜಿನ ಡಬ್ಬಿಯನ್ನು ತಂದು ಬಾದಾಮಿಯ ಬಿಸಿಲಲ್ಲಿ ಇಡಬ್ಯಾಡ ಅನ್ನೋ ಬುದ್ಧಿ ಒಳ್ಳೆಯದೇ. ಅದಕ್ಕೆ ನಮ್ಮ ತಕರಾರಿಲ್ಲ.

ನಮ್ಮ ತಕರಾರು ಇರುವುದು ಈ ಮೂರೂ ಮಾತಿನ ಹೊಟ್ಟೆಯೊಳಗೆ ಸುಮ್ಮನೆ ಕೂತಿರುವ ನಾಲ್ಕನೆಯ ಮಾತಿನ ಮ್ಯಾಲೆ. ಅದರ ಹೆಸರು ಜಾತಿ. ಅದನ್ನು ಯಾವ ಮೇಷ್ಟ್ರೂ ಬೋರ್ಡಿನ ಮ್ಯಾಲೆ ಬರೆಯೋದಿಲ್ಲ.

ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಬಸ್ಸುಗಟ್ಟಲೆ ಹುಡುಗರು ಬಂದು ಸ್ಕೆಚ್ಚು ಹಾಕುತ್ತಾರೆ. ಅಗಸ್ತ್ಯತೀರ್ಥದ ದಂಡ್ಯಾಗ ಕೂತು ಭೂತನಾಥನ ಗುಡಿ ಬರೆಯುತ್ತಾರೆ. ವಿರೂಪಾಕ್ಷ ಗುಡಿಯ ಶಾಸನದಲ್ಲಿ ಅನಿವಾರಿತಾಚಾರಿ ಗುಂಡನ ಹೆಸರಿದೆ, ಸರ್ವಸಿದ್ಧಿ ಆಚಾರಿಯ ಹೆಸರಿದೆ ಅಂತ ಬರೆದುಕೊಳ್ಳುತ್ತಾರೆ. ಇರಲಿ, ಕಟ್ಟಿದವನ ಹೆಸರು ಕಲ್ಲಿನ ಮೇಲೆ ಬಂದದ್ದು ಸಣ್ಣ ಮಾತಲ್ಲ. ಆದರೆ ಕಲ್ಲು ಒಡೆದವರು, ಎಳೆದವರು, ಹೊತ್ತವರು ಯಾರು? ಅವರು ರಾತ್ರಿ ಎಲ್ಲಿ ಮಲಗುತ್ತಿದ್ದರು? ಅವರ ಗುಡಿಸಲ ನಕ್ಷೆ ಯಾವ ಪುಸ್ತಕದಾಗೂ ಇಲ್ಲ. ಇವತ್ತಿಗೂ ಇಳಕಲ್ಲಿನ ಕೆಂಪು ಗ್ರಾನೈಟು ದೇಶ ಪರದೇಶದ ಮಹಲುಗಳ ನೆಲವಾಗಿ ಹೊಳೆಯುತ್ತದೆ, ಕಲ್ಲು ಕ್ವಾರಿಯ ಕೂಲಿಯವನ ತಲೆ ಮ್ಯಾಲೆ ತಗಡು ಕಾಯುತ್ತದೆ. ಕಲ್ಲಿನ ನಾಡಿನಲ್ಲಿ ಕಲ್ಲಿನ ಮನೆ ಇಲ್ಲದವರು ಯಾರು ಅಂತ ಹುಡುಕಿದರೆ ಅರ್ಧ ವಾಸ್ತುಶಿಲ್ಪ ಅಲ್ಲೇ ತಿಳಿಯುತ್ತದೆ.

ಮೊದಲು ಹವಾಮಾನದ ಮಾತು. ನಮ್ಮ ಸೀಮೆಯ ಹಳೇ ಮಾಳಿಗೆ ಮನೆಯನ್ನು ಹೊಗಳದ ಪ್ರಾಧ್ಯಾಪಕರಿಲ್ಲ. ಎರಡು ಮೊಳ ದಪ್ಪನ ಕಲ್ಲುಮಣ್ಣಿನ ಗೋಡೆ, ತೊಲೆ ಜಂತಿಯ ಮೇಲೆ ಮೇಲ್ಮುದ್ದೆ, ಅದರ ಮೇಲೆ ನೀರು ಸೋರದ ಹಾಗೆ ಸವಳು ಮಣ್ಣು, ನಡುವೆ ಒಂದು ಬೆಳಕಿಂಡಿ. ಹಗಲಿನ ಕಾವನ್ನು ಗೋಡೆ ನಿಧಾನಕ್ಕೆ ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತದೆ. ಅಷ್ಟೊತ್ತಿಗೆ ಮಂದಿ ಮಾಳಿಗೆ ಹತ್ತಿ ಗಾಳಿಗೆ ಮಲಗಿರುತ್ತಾರೆ. ಬೆಳಕಿಂಡಿಯಿಂದ ಬಿಸಿಗಾಳಿ ಮೇಲೆ ಹೋಗುತ್ತದೆ. ಎಲ್ಲಾ ಖರೆ. ಆದರೆ ಈ ಮನೆ ಯಾರದು? ಗೌಡರದು, ದೇಸಾಯರದು, ಹೊಲ ಇದ್ದ ಒಕ್ಕಲದವರದು. ಅಷ್ಟು ಕಲ್ಲು, ಅಷ್ಟು ಸಾಗವಾನಿ ತೊಲೆ, ಅಷ್ಟು ಬಿಟ್ಟಿ ಆಳು ಯಾರಿಗಿತ್ತೋ ಅವರದು. ಇದನ್ನೇ ‘ಜನಪದರ ಜಾಣತನ’ ಅಂತ ಪಾಠ ಮಾಡುತ್ತಾರೆ. ಜನಪದದಲ್ಲಿ ಕೇರಿ ಇಲ್ಲವೇನು? ಅಸ್ಪೃಶ್ಯರು ಹೆಂಚಿನ ಮನೆ ಕಟ್ಟಿದರೆ ಅದೇ ಒಂದು ಅಪರಾಧ ಅಂತ ಎಣಿಸುತ್ತಿದ್ದ ಕಾಲವನ್ನು ಬಾಬಾಸಾಹೇಬರು ಪಟ್ಟಿ ಮಾಡಿ ಬರೆದಿಟ್ಟಿದ್ದಾರೆ. ಅದೇ ಪಟ್ಟಿಯಲ್ಲಿ ಇನ್ನೊಂದು ಕಟ್ಟಳೆ ಇದೆ: ಅವರ ವಾಸ ಊರಿನ ದಕ್ಷಿಣಕ್ಕೇ ಇರಬೇಕು, ಯಾಕಂದರೆ ನಾಲ್ಕು ದಿಕ್ಕಿನಲ್ಲಿ ಅದೇ ಅಶುಭ ದಿಕ್ಕು.

ಈಗ ನೀವೇ ಒಂದು ಹಳ್ಳಿಗೆ ಹೋಗಿ ನಿಂತು ನೋಡಿರಿ. ಊರ ಬಚ್ಚಲ ನೀರು ಯಾವ ಕಡೆ ಹರಿಯುತ್ತದೆ? ಕೇರಿ ಕಡೆ. ಕೇರಿಯ ಮೇಲಿಂದ ಬೀಸಿದ ಗಾಳಿ ಊರೊಳಗೆ ಬರಬಾರದು, ಕೇರಿಯವನ ನೆರಳು ಊರಿನ ಬಾವಿಯ ಮೇಲೆ ಬೀಳಬಾರದು. ಗಾಳಿಯ ದಿಕ್ಕು, ನೆಲದ ಇಳಿಜಾರು, ಸೂರ್ಯನ ನೆರಳು ಮೂರನ್ನೂ ಲೆಕ್ಕ ಹಾಕಿ ಮಾಡಿದ ಯೋಜನೆ ಇದು! ಹವಾಮಾನಕ್ಕೆ ತಕ್ಕ ವಿನ್ಯಾಸ ಅಂತೀರಲ್ಲ, ಈ ದೇಶದಲ್ಲಿ ಅದನ್ನು ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ಮಾಡಿದ ಎಂಜಿನಿಯರು ಮನು. ಚಂಡಾಲರ ವಾಸ ಊರ ಹೊರಗೆ ಅಂತ ಅವನ ಹತ್ತನೆಯ ಅಧ್ಯಾಯ ಹೇಳುತ್ತದೆ. ಮಾನಸಾರ, ಮಯಮತ ಅನ್ನೋ ಶಿಲ್ಪಶಾಸ್ತ್ರದ ಗ್ರಂಥಗಳು ಯಾವ ವರ್ಣಕ್ಕೆ ಊರಿನ ಯಾವ ಭಾಗ ಅಂತ ಹಂಚಿ, ಚಂಡಾಲರನ್ನು ದೂರ ತಳ್ಳುತ್ತವೆ. ತರಗತಿಯಲ್ಲಿ ವಾಸ್ತುಪುರುಷ ಮಂಡಲದ ಚೌಕ ಬಿಡಿಸಿ ‘ನಮ್ಮ ಪರಂಪರೆ’ ಅಂತ ಹೇಳಿಕೊಡುವ ಗುರುಗಳು ಆ ಪುಟವನ್ನು ಮಾತ್ರ ಅಂಟು ಹಚ್ಚಿ ಮುಚ್ಚಿರುತ್ತಾರೆ. ನಾವು ಅದನ್ನು ಬಿಡಿಸಿ ಓದಬೇಕು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಅದು ಬರೇ ಕಾಗದ ಸುಟ್ಟದ್ದಲ್ಲ, ಒಂದು ಊರ ನಕ್ಷೆಯನ್ನೂ ಸುಟ್ಟದ್ದು.

ಇನ್ನು ಶಿವಯೋಗ ಮಂದಿರದ ಮಾತಿಗೆ ಬರೋಣ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಇದನ್ನು ಕಟ್ಟಿದರು. ಮುಂದೆ ಮಠಗಳಿಗೆ ಪೀಠಾಧಿಪತಿಗಳಾಗುವ ವಟುಗಳು ಇಲ್ಲಿದ್ದು ಓದಬೇಕು, ಯೋಗ ಕಲೀಬೇಕು ಅಂತ. ಜಾಗ ಹ್ಯಾಂಗ ಆರಿಸ್ಯಾರ ನೋಡಿರಿ. ಪೇಟೆಯ ಗದ್ದಲದಿಂದ ದೂರ, ಮಲಪ್ರಭೆಯ ದಂಡೆ, ಗಿಡಮರದ ನೆರಳು. ಬೆಳಿಗ್ಗೆ ಏಳೋದು, ಹೊಳಿಗೆ ಹೋಗೋದು, ಪೂಜೆ, ಪಾಠ, ಪ್ರಸಾದ, ಮತ್ತೆ ಪಾಠ. ದನ ಕಟ್ಟಲಿಕ್ಕೆ ಗೋಶಾಲೆ, ಅದರ ಸಗಣಿಯಿಂದಲೇ ವಿಭೂತಿ, ತಾಳೆಗರಿ ಇಡಲಿಕ್ಕೆ ಭಂಡಾರ. ಮಗುವಿನ ದಿನಚರಿ ಮೊದಲು, ಅದಕ್ಕೆ ತಕ್ಕ ಜಾಗ ಆಮೇಲೆ. ಆರ್ಕಿಟೆಕ್ಟ್ ಇಲ್ಲದೆಯೇ ಹವಾಮಾನ, ಸಮುದಾಯ, ನಿವೇಶನ ಮೂರನ್ನೂ ನೋಡಿದ್ದಾರೆ. ಆ ಧರ್ಮದ ವಿಚಾರ ನಮಗಿಲ್ಲಿ ಬೇಕಿಲ್ಲ. ನಮ್ಮನ್ನು ಚುಚ್ಚುವುದು ಬೇರೆ. ಒಂದು ಸಮುದಾಯ ತನ್ನ ಹುಡುಗರು ಓದಬೇಕು ಅಂತ ನೂರು ವರ್ಷಕ್ಕೂ ಹಿಂದೆ ಹೊಳಿ ದಂಡಿ ಹುಡುಕಿತು. ನಮ್ಮ ಹುಡುಗರು ಓದಬೇಕು ಅಂದಾಗ ಈ ರಾಜ್ಯ ಏನು ಹುಡುಕಿತು?

ಅದನ್ನು ನಾವು ಹೇಳಬೇಕಿಲ್ಲ, ನೀವು ಅದರೊಳಗೇ ಮಲಗುತ್ತೀರಿ. ನಾವು ಇದ್ದ ಹಾಸ್ಟೆಲ್ಲುಗಳಲ್ಲಿ ಒಂದು, ಕಾಳಿನ ಗೋದಾಮು ಆಗಿದ್ದ ಬಾಡಿಗೆ ಕಟ್ಟಡ. ಕಿಟಕಿ ಗೋಡೆಯ ತುದಿಗೆ, ಕಾಳು ಕದಿಯಬಾರದು ಅಂತ ಇಟ್ಟದ್ದು. ಇನ್ನೊಂದು, ಸರಕಾರ ಹೊಸದಾಗಿ ಕಟ್ಟಿಸಿದ್ದು. ಹೊಸದು ಅಂದ ಮೇಲೆ ಚಲೋ ಇರಬೇಕಲ್ಲ? ತೆಳ್ಳನೆಯ ಸ್ಲ್ಯಾಬು, ಪಶ್ಚಿಮಕ್ಕೆ ಉದ್ದಕ್ಕೂ ಕಿಟಕಿ, ಮೇಲೆ ನೆರಳಿಗೆ ಒಂದು ಗೇಣು ಸಜ್ಜಾ ಇಲ್ಲ. ಏಪ್ರಿಲ್ಲಿನಲ್ಲಿ ಪರೀಕ್ಷೆಗೆ ಓದುವ ಹೊತ್ತಿಗೆ ಸರಿಯಾಗಿ ಸಂಜೆ ಬಿಸಿಲು ಮುಖದ ಮ್ಯಾಲೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಹಂಚಿನಂಗ ಕಾವು ಉಗುಳುತ್ತದೆ. ಮ್ಯಾಲೆ ಹೋಗಿ ಮಲಗೋಣ ಅಂದರೆ ಮೆಟ್ಟಲ ಬಾಗಿಲಿಗೆ ಬೀಗ. ಇದೇ ನಕ್ಷೆಯ ಹಾಸ್ಟೆಲ್ಲನ್ನು ನಾವು ಮಲೆನಾಡಿನಲ್ಲೂ ನೋಡಿದ್ದೇವೆ. ಅಲ್ಲಿ ಅದು ಸೋರುತ್ತದೆ, ಇಲ್ಲಿ ಸುಡುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಈ ದೇಶವನ್ನು ಐದು ಹವಾಮಾನ ವಲಯವಾಗಿ ವಿಂಗಡಿಸಿದೆ. ಬೆಂಗಳೂರಿಗೊಂದು, ಕರಾವಳಿಗೊಂದು ಲೆಕ್ಕ. ನಮ್ಮ ಹಾಸ್ಟೆಲ್ಲಿಗೆ ಮಾತ್ರ ಆರನೆಯ ವಲಯ. ಅದಕ್ಕೆ ಹವಾಮಾನವೇ ಇಲ್ಲ, ಟೆಂಡರು ಮಾತ್ರ ಐತಿ.

ಇದು ದುಡ್ಡಿನ ಕೊರತೆ ಅಂತ ಹೇಳುವವರಿದ್ದಾರೆ. ಕಿಟಕಿಯನ್ನು ಪಶ್ಚಿಮದ ಬದಲು ಉತ್ತರಕ್ಕೆ ಇಡಲಿಕ್ಕೆ ಎಷ್ಟು ದುಡ್ಡು ಬೇಕು? ನಕ್ಷೆಯ ಕಾಗದವನ್ನು ಕಾಲು ಸುತ್ತು ತಿರುಗಿಸಲಿಕ್ಕೆ ಯಾವ ಅನುದಾನ ಬೇಕು? ಮಾಳಿಗೆಯ ಮೇಲೆ ಸುಣ್ಣ ಬಳಿದರೆ ಬಿಸಿಲು ತಿರುಗಿ ಹೋಗುತ್ತದೆ ಅಂತ ನಮ್ಮ ಅವ್ವಗೂ ಗೊತ್ತು. ಗೊತ್ತಿದ್ದೂ ಮಾಡದೇ ಇರುವುದಕ್ಕೆ ಕಾರಣ, ಅಲ್ಲಿ ಮಲಗುವವರು ಯಾರು ಅನ್ನೋದೂ ಅವರಿಗೆ ಗೊತ್ತಿದೆ.

ಎರಡನೆಯ ಮಾತು ಸಮುದಾಯ. ಈ ಶಬ್ದ ಕೇಳಿದರೆ ನಮಗೆ ಮೈ ಉರಿಯುತ್ತದೆ. ‘ನೇಕಾರ ಸಮುದಾಯಕ್ಕೆ ಮನೆ’, ‘ಕುಂಬಾರ ಸಮುದಾಯಕ್ಕೆ ಮನೆ’, ‘ಚರ್ಮ ಕುಶಲಕರ್ಮಿಗಳಿಗೆ ಸಮುಚ್ಚಯ’. ಇಳಕಲ್ಲಿನ, ಗುಳೇದಗುಡ್ಡದ ನೇಕಾರನ ಮನೆಯಿಂದ ಕಲಿಯುವುದು ಇದೆ, ಇಲ್ಲ ಅನ್ನೋದಿಲ್ಲ. ಕುಣಿಮಗ್ಗ ನೆಲದೊಳಗಿರುತ್ತದೆ, ನೆಲದ ತಂಪು ನೂಲನ್ನು ಹರಿಯದಂಗ ಹಿಡಿಯುತ್ತದೆ. ಮಗ್ಗದ ಅಳತೆಯೇ ಮನೆಯ ಅಳತೆ. ಸೀರೆಯ ಒಡಲಿಗೆ ಸೆರಗು ಸೇರಿಸುವ ತೋಪತೆನಿಯ ಕೆಲಸಕ್ಕೆ ಬೆಳಕು ಎಲ್ಲಿಂದ ಬರಬೇಕು ಅಂತ ಹೆಣ್ಣುಮಕ್ಕಳಿಗೆ ಗೊತ್ತು. ಆದರೆ ಮನೆ ಯೋಜನೆಯ ಸಾಹೇಬರು ಬಂದು ಒಂದು ಕೋಣೆ, ಒಂದು ಅಡಿಗೆಮನೆ ಕೊಟ್ಟು ಹೋಗುತ್ತಾರೆ. ಕೇಂದ್ರದ ಗ್ರಾಮೀಣ ವಸತಿ ಯೋಜನೆಯ ಮನೆ 2016ಕ್ಕೆ ಮುಂಚೆ ಕನಿಷ್ಠ 20 ಚದರ ಮೀಟರು, ಆಮೇಲೆ 25. ಅಂದರೆ ಸುಮಾರು 270 ಚದರ ಅಡಿ. ಅದರಾಗ ಮಗ್ಗ ಎಲ್ಲಿ, ಮಕ್ಕಳ ಪುಸ್ತಕ ಎಲ್ಲಿ, ಬಾಣಂತಿ ಎಲ್ಲಿ?

ಇಷ್ಟು ಹೇಳಿ ನಿಲ್ಲುವುದಾದರೆ ನಾವೂ ಆ ಪ್ರಾಧ್ಯಾಪಕರ ಸಾಲಿನವರೇ. ಇದೇ ತರ್ಕವನ್ನು ಮಾದಿಗೇರಿಗೆ ತಂದು ನೋಡಿ. ‘ಇವರ ಸಮುದಾಯದ ಕಸುಬು ಚರ್ಮ, ಆದ್ದರಿಂದ ಹಿತ್ತಿಲಲ್ಲಿ ತೊಗಲು ಹದ ಮಾಡುವ ತೊಟ್ಟಿ ಕೊಡೋಣ, ಗಾಳಿ ಊರ ಕಡೆ ಹೋಗದಂಗ ಇಳಿಜಾರಿನ ತುದಿಗೆ ಇಡೋಣ.’ ಎಷ್ಟು ಚೆಂದದ ನಕ್ಷೆ, ಎಷ್ಟು ಸೂಕ್ಷ್ಮ ಮನಸ್ಸು! ಬಹುಮಾನವೂ ಬಂದೀತು. ಆದರೆ ಅವರು ಕಟ್ಟಿದ್ದು ಮನೆಯನ್ನಲ್ಲ, ಕೇರಿಗೆ ಹೊಸ ಗಿಲಾವು ಹಚ್ಚಿದ್ದಾರೆ. ಆ ಮನೆಯ ಹುಡುಗಿ ಡಾಕ್ಟರಾಗಬೇಕು ಅಂದರೆ ಅವಳ ಓದುವ ಮೇಜು ಆ ನಕ್ಷೆಯೊಳಗೆ ಇಲ್ಲ. ಕುಲಕಸುಬಿಗೆ ತಕ್ಕ ಮನೆ ಅನ್ನೋದು ಕುಲಕ್ಕೆ ಕಟ್ಟಿಹಾಕುವ ಗೂಟ. ಸಮುದಾಯ ಏನಾಗಿದೆ ಅಂತ ಕೇಳುವ ವಾಸ್ತುಶಿಲ್ಪ ಬ್ಯಾಡ. ಈ ಮನೆಯ ಮಕ್ಕಳು ಏನಾಗಬೇಕು ಅಂತ ಕೇಳುವುದು ಬೇಕು.

ದೊಡ್ಡವರ ಹೆಸರು ತೆಗೆದರೆ ಕೆಲವರು ಹೆದರುತ್ತಾರೆ. ಚಂಡೀಗಢ ಅಂದ ಕೂಡಲೆ ಕೈ ಮುಗಿಯುತ್ತಾರೆ. ಆ ಹೊಸ ನಗರದಲ್ಲಿ ಸರಕಾರಿ ನೌಕರರ ಮನೆಗಳನ್ನು ಸಂಬಳದ ಪ್ರಕಾರ ಹದಿಮೂರು ದರ್ಜೆ ಮಾಡಿದರು. ಮುಖ್ಯಮಂತ್ರಿಯಿಂದ ಜವಾನನ ತನಕ. ನಾಲ್ಕು ವರ್ಣದ ದೇಶದಲ್ಲಿ ಹದಿಮೂರು ಬಂದದ್ದು ಪ್ರಗತಿಯೇ ಇರಬೇಕು. ನಮ್ಮ ಬೆಂಗಳೂರಿನಲ್ಲಿ 1898ರ ಪ್ಲೇಗಿನ ಕಾಲಕ್ಕೆ ಮಲ್ಲೇಶ್ವರ, ಬಸವನಗುಡಿ ಬಡಾವಣೆ ಹಾಕಿದರು. ಗಾಳಿ ಬೆಳಕಿನ ಅಗಲ ರಸ್ತೆಗಳು. ಅವುಗಳ ಹಿತ್ತಿಲಿಗೆ ಕನ್ಸರ್ವೆನ್ಸಿ ಗಲ್ಲಿ. ಮುಂಬಾಗಿಲಿಗೆ ಬರಬಾರದವರು ಹಿಂದಿನಿಂದ ಬಂದು ಮಲದ ಬುಟ್ಟಿ ಎತ್ತಿಕೊಂಡು ಹೋಗಲಿಕ್ಕೆ ಅಂತಲೇ ಎಳೆದ ಗೆರೆ ಅದು. ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರುವ ಪದ್ಧತಿ ನಿಷೇಧಿಸುವ ತನಕ ಆ ಗೆರೆ ಸರಕಾರದ ಕಣ್ಣಿಗೆ ಸರಿಯಾಗೇ ಕಂಡಿತ್ತು. ಅದೇ ಬೆಂಗಳೂರಿನ ಈಜಿಪುರದಲ್ಲಿ 2013ರ ಜನವರಿಯ ಚಳಿಯಲ್ಲಿ ಬಡವರ ಕ್ವಾರ್ಟರ್ಸಿನ ನೆಲದಿಂದ ಸಾವಿರಾರು ಜನರನ್ನು ಬುಲ್ಡೋಜರು ಹೊರಗೆ ಹಾಕಿತು. ಬಹುಪಾಲು ದಲಿತರು. ಆ ನೆಲದ ಒಂದು ಭಾಗ ಖಾಸಗಿ ಕಂಪನಿಯ ಮಾಲಿಗೆ ಅಂತ ಆಗಿತ್ತು. ಕಾಲೇಜಿನ ಭಾಷೆಯಲ್ಲಿ ಅದಕ್ಕೆ ‘ನಗರ ಮಧ್ಯದ ನಿವೇಶನ’ ಅಂತಾರೆ. ನಿವೇಶನ ಅಂದರೆ ಖಾಲಿ ಜಾಗ ಅಲ್ಲ ಗೆಳೆಯರೆ, ಖಾಲಿ ಮಾಡಿಸಿದ ಜಾಗ.

ಮೂರನೆಯ ಮಾತಿಗೆ ಬಂದೇ ಬಿಟ್ಟೆವು. ನಿವೇಶನದ ಪ್ರಶ್ನೆ ನಮ್ಮ ಜಿಲ್ಲೆಯಷ್ಟು ಸುಡುವ ಜಾಗ ಇನ್ನೊಂದಿಲ್ಲ. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ಹಿನ್ನೀರಿಗೆ ಬಾಗಲಕೋಟೆ ಪಟ್ಟಣದ ದೊಡ್ಡ ಭಾಗ ಹೋಯಿತು, ನವನಗರ ಎದ್ದಿತು. ಹೊಸ ಪಟ್ಟಣದ ಯೋಜನೆಗೆ 1980ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ ಅವರಂಥ ಹೆಸರಾಂತ ವಾಸ್ತುಶಿಲ್ಪಿಯೇ ಕೈಹಚ್ಚಿದ್ದರು. ಬಿಸಿಲಿಗೆ ಅಂಗಳ ಹ್ಯಾಂಗಿರಬೇಕು, ಓಣಿ ಹ್ಯಾಂಗಿರಬೇಕು ಅಂತ ಯೋಚಿಸಿದವರು ಅವರು. ಆದರೆ ನಕ್ಷೆ ಎಷ್ಟು ಚಂದ ಇದ್ದರೂ ಸೈಟು ಹಂಚುವವನು ಆರ್ಕಿಟೆಕ್ಟ್ ಅಲ್ಲ, ಆಫೀಸು. ಉತಾರದಾಗ ಹೆಸರಿದ್ದವನಿಗೆ ಪರಿಹಾರ. ಊರ ಚರಂಡಿ ಬಳಿದು, ಸತ್ತ ದನ ಹೊತ್ತು, ಉತಾರದ ಯಾವ ಕಾಲಮ್ಮಿನಲ್ಲೂ ಇಲ್ಲದವನಿಗೆ?

ಕೂಡಲಸಂಗಮಕ್ಕೆ ಹೋಗಿ ಬಂದಿದ್ದೀರಿ. ಬಸವಣ್ಣನವರ ಐಕ್ಯ ಮಂಟಪ ಹಿನ್ನೀರಿನಲ್ಲಿ ಮುಳುಗಬಾರದು ಅಂತ ಅದರ ಸುತ್ತ ಕಾಂಕ್ರೀಟಿನ ದೊಡ್ಡ ಬಾವಿ ಕಟ್ಟಿ, ಮೆಟ್ಟಲು ಇಳಿದು ನೋಡುವಂಗ ಮಾಡಿದ್ದಾರೆ. ಹೊರಗೆ ನದಿ, ಒಳಗೆ ಒಣ ನೆಲ. ಮಾಡಿದ್ದು ತಪ್ಪಲ್ಲ, ಬಸವಣ್ಣ ನಮಗೂ ಬೇಕಾದವ. ಮಾದಾರ ಚೆನ್ನಯ್ಯನನ್ನು ಅಪ್ಪ ಅಂದವ. ಆದರೆ ಮನಸ್ಸಿದ್ದರೆ ಈ ಎಂಜಿನಿಯರುಗಳಿಗೆ ಏನು ಸಾಧ್ಯ ಅನ್ನೋದು ಆ ಬಾವಿಯೊಳಗೆ ನಿಂತರೆ ಗೊತ್ತಾಗುತ್ತದೆ. ಸ್ಥಾವರಕ್ಕೆ ಬಾವಿ, ಜಂಗಮಕ್ಕೆ ತಗಡಿನ ಶೆಡ್ಡು.

ಶೆಡ್ಡಿನ ಕತೆ ಮಲಪ್ರಭೆಯ ದಂಡೆಯವರಿಗೆ ಹೇಳಬೇಕಿಲ್ಲ. 2009ರ ಸೆಪ್ಟೆಂಬರ್ ಕೊನೆಗೆ ಬಂದ ಪ್ರವಾಹದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸರಕಾರ ‘ಆಸರೆ’ ಅಂತ ಯೋಜನೆ ಮಾಡಿತು, ದಾನಿಗಳು ಬಂದರು, ನವಗ್ರಾಮಗಳ ಸಾಲು ಮನೆ ಎದ್ದವು. ಮತ್ತೆ 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಆಣೆಕಟ್ಟೆಯಿಂದ ನೀರು ಬಿಟ್ಟಾಗ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೇ ಹೊಳಿ ನಿಂತಿತು. ಹತ್ತು ವರ್ಷದ ಹಿಂದೆ ಕಟ್ಟಿದ ನವಗ್ರಾಮಗಳಲ್ಲಿ ಎಷ್ಟೋ ಮನೆ ಖಾಲಿ ಬಿದ್ದಿದ್ದವು. ಯಾಕೆ ಖಾಲಿ? ಜನ ಕೃತಘ್ನರು, ಕೊಟ್ಟರೂ ಇರೋದಿಲ್ಲ ಅಂದರು ಸಾಹೇಬರು. ಹೊಲ ಮೂರು ಮೈಲಿ ದೂರ. ದನ ಕಟ್ಟಲಿಕ್ಕೆ ಜಾಗ ಇಲ್ಲ. ಹೊಟ್ಟು ಮೇವು ಇಡಲಿಕ್ಕೆ ಇಲ್ಲ. ಹೆಣ್ಣುಮಕ್ಕಳು ಜಳಕ ಮಾಡುವ ಮರೆ ಇಲ್ಲ. ಕೂಲಿಯವರಿಗೆ ಇನ್ನೂ ಒಂದು ಕಾರಣ, ಕೂಲಿ ಕರೆಯುವವರು ಹಳೇ ಊರಾಗೇ ಇದ್ದಾರೆ. ಈಜಿಪ್ಟಿನಲ್ಲಿ ಹಸನ್ ಫತಿ ಎಂಬ ದೊಡ್ಡ ವಾಸ್ತುಶಿಲ್ಪಿ 1940ರ ದಶಕದಲ್ಲಿ ಗೂರ್ನಾ ಊರಿನವರಿಗೆ ಮಣ್ಣಿನ ಇಟ್ಟಿಗೆಯ ಚೆಂದದ ಹೊಸ ಊರು ಕಟ್ಟಿದ. ಬಿಸಿಲಿಗೆ ಹೇಳಿ ಮಾಡಿಸಿದ ಮನೆಗಳು. ಆದರೂ ಊರವರು ಹೋಗಲಿಲ್ಲ. ಅವರ ಅನ್ನ ಹಳೇ ಜಾಗದಲ್ಲಿತ್ತು.

ಗಡಿಯಾಚೆ ಲಾತೂರಿನ ಪಾಠ ಇನ್ನೂ ಕಟು. 1993ರ ಸೆಪ್ಟೆಂಬರ್ 30ರ ಭೂಕಂಪದ ಮೇಲೆ ಹೊಸ ಊರು ಕಟ್ಟಿದಾಗ ಮನೆಯ ಅಳತೆಯನ್ನು ಹೊಲದ ಅಳತೆಗೆ ಗಂಟು ಹಾಕಿದರು. ಹೊಲ ಇಲ್ಲದವನಿಗೂ ತುಂಡು ಹೊಲದವನಿಗೂ 250 ಚದರ ಅಡಿ, ನಡುವಿನವನಿಗೆ 400, ದೊಡ್ಡ ಹಿಡುವಳಿದಾರನಿಗೆ 750. ಭೂಮಿ ನಡುಗಿ ಎಲ್ಲರ ಗೋಡೆಯೂ ಬಿದ್ದಿತ್ತು, ಒಂದು ಗಳಿಗೆ ಎಲ್ಲರೂ ಸಮ ಆಗಿದ್ದರು. ಸರಕಾರದ ಸ್ಕೇಲು ಬಂದು ಮತ್ತೆ ಅಳೆದು ಮೇಲೆ ಕೆಳಗೆ ಮಾಡಿತು. ಹೊಲ ಇಲ್ಲದವರು ಯಾರು ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕೆ?

ಇದೆಲ್ಲ ಹಳೇ ಕತೆ ಅಂತ ಅನ್ನಬ್ಯಾಡ್ರಿ. ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲಿಕ್ಕೆ ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಅಂತ ನಿರ್ಧಾರ ಮಾಡಿತು. ರೈತರಿಗೆ ಸಿಗಲಿ, ಹೋರಾಡಿ ಪಡೆದದ್ದು. ಆದರೆ ಲೆಕ್ಕ ಎಕರೆಯದು. ಎಕರೆ ಇಲ್ಲದವನ ಲೆಕ್ಕ ಯಾವ ಸಾಲಿನಲ್ಲಿ? ನೀರು ಏರಿದಾಗ ಮತ್ತೆ ಹೊಸ ಊರುಗಳ ನಕ್ಷೆ ಬರೆಯುತ್ತಾರೆ. ಅದರಾಗ ಗುಡಿ ಎಲ್ಲಿ, ಪಂಚಾಯ್ತಿ ಎಲ್ಲಿ, ಶಾಲೆ ಎಲ್ಲಿ ಅಂತ ಬರೆದಾದ ಮೇಲೆ, ಕೊನೆಯ ಸಾಲು, ಇಳಿಜಾರಿನ ತುದಿ, ಹಳ್ಳದ ಬದಿ. ಅದಕ್ಕೆ ‘ಪ.ಜಾ. ಬ್ಲಾಕ್’ ಅಂತ ಹೆಸರು. ಮನು ಬರೆದ ಗೆರೆಯನ್ನೇ ಕಂಪ್ಯೂಟರು ಬರೆಯುತ್ತದೆ. ಕೇಳಿದರೆ, ‘ಅವರವರ ಮಂದಿ ಕೂಡೇ ಇರಬೇಕಂತ ಜನಾನೇ ಕೇಳ್ತಾರ್ರಿ’ ಅಂತ ಉತ್ತರ. ಯಾವ ಜನ? ಯಾರನ್ನು ಕೇಳಿದಿರಿ? ಕಟ್ಟೆಯ ಮೇಲೆ ಕೂತವರನ್ನೋ, ಕಟ್ಟೆಯ ಕೆಳಗೆ ನಿಂತವರನ್ನೋ?

ನಮ್ಮವರಲ್ಲೇ ಕೆಲವರು ಕೇಳುತ್ತಾರೆ, ಬಾಬಾಸಾಹೇಬರ ಕಾಲದಲ್ಲೇ 1942ರ ನಾಗಪುರ ಸಮ್ಮೇಳನ ದಲಿತರಿಗೆ ಪ್ರತ್ಯೇಕ ಊರು ಬೇಕು ಅಂತ ಠರಾವು ಮಾಡಲಿಲ್ಲವೇ ಅಂತ. ಮಾಡಿತ್ತು. ಆದರೆ ಅವರು ಕೇಳಿದ್ದು ಸವರ್ಣರ ಊರಿನ ಬಾಲವನ್ನಲ್ಲ, ಭೂಮಿ ಸಮೇತ ಸ್ವಂತ ಊರನ್ನು. ಪ್ರತ್ಯೇಕ ಅಂದರೆ ಯಾರ ಹಂಗೂ ಇಲ್ಲದ್ದು. ಹೊಲ ಇಲ್ಲದೆ, ಬಾವಿ ಇಲ್ಲದೆ, ಕೂಲಿಗೆ ಮತ್ತೆ ಅದೇ ಗೌಡರ ಬಾಗಿಲಿಗೆ ಹೋಗುವ ‘ಬ್ಲಾಕು’ ಪ್ರತ್ಯೇಕ ಅಲ್ಲ, ಅದು ಕೇರಿ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹಾಡಿ ಹೊಗಳಿದವರಿಗೆ ಅವರು ಕೊಟ್ಟ ಉತ್ತರವನ್ನು ಹಾಸ್ಟೆಲ್ಲಿನ ಗ್ರಂಥಾಲಯದಾಗ ಹುಡುಕಿ ಓದಿರಿ. ಗ್ರಂಥಾಲಯ ಇದ್ದರೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಹೊಸ ಊರುಗಳಲ್ಲಿ ಸೈಟಿನ ಹಂಚಿಕೆ ಚೀಟಿ ಎತ್ತಿ ಆಗಬೇಕು, ಜಾತಿವಾರು ಬ್ಲಾಕು ಕೂಡದು. ಗೌಡರ ಮಗ್ಗುಲಿಗೆ ಹೊಲೇರ ಮನೆ ಬಂದರೆ ಬರಲಿ. ಹೊಲ ಇರಲಿ ಬಿಡಲಿ ಮನೆಯ ಅಳತೆ ಒಂದೇ ಇರಬೇಕು. ಎತ್ತರದ ನೆಲ ಮೊದಲು ಯಾರ ಮನೆಗೆ ನೀರು ನುಗ್ಗುತ್ತಿತ್ತೋ ಅವರಿಗೆ. ಕೂಲಿಯವರಿಗೆ ಮನೆಯ ಜೊತೆಗೆ ಭೂಮಿ. ಹಾಸ್ಟೆಲ್ಲಿನ ನಕ್ಷೆ ಜಿಲ್ಲೆಯ ಬಿಸಿಲು ಮಳೆ ನೋಡಿ ಬರೆದದ್ದಾಗಿರಬೇಕು, ಅದನ್ನು ಅಲ್ಲಿ ಇರುವ ಹುಡುಗರ ಮುಂದೆ ಇಟ್ಟು ಕೇಳಬೇಕು.

ಇದನ್ನು ಕೇಳಲಿಕ್ಕೆ ನಮ್ಮ ಕೈಯಾಗ ನಕ್ಷೆ ಇರಬೇಕು. ಸಾಹೇಬರು ಘೋಷಣೆಗೆ ಹೆದರೋದಿಲ್ಲ, ಅಳತೆಗೆ ಹೆದರುತ್ತಾರೆ. ನಮ್ಮಲ್ಲಿ ಎಷ್ಟು ಮಂದಿ ಆರ್ಕಿಟೆಕ್ಚರ್ ಓದುತ್ತಿದ್ದಾರೆ ಅಂತ ಬೆರಳು ಮಡಚಿ ಎಣಿಸಬಹುದು. ನಾಟಾ ಪರೀಕ್ಷೆಯ ಹೆಸರನ್ನೇ ಎಷ್ಟೋ ಹಾಸ್ಟೆಲ್ ಹುಡುಗರು ಕೇಳಿಲ್ಲ. ಚಿತ್ರ ಬರೆಯುವ ಕೈ ಇದ್ದವರು, ಗಣಿತ ಬರುವವರು ಇದ್ದೀರಿ, ವಿಚಾರಿಸಿಕೊಂಡು ಬರೆಯಿರಿ. ಶೀಟು, ಬಣ್ಣ, ಮಾಡೆಲ್ಲಿನ ಖರ್ಚು ಫೀಸಿಗಿಂತ ಹೊರಗಿನದು, ಬಡವನ ಮಗ ಅಲ್ಲೇ ಎಡವುತ್ತಾನೆ. ವಿದ್ಯಾರ್ಥಿವೇತನದಲ್ಲಿ ಅದೂ ಸೇರಬೇಕು ಅಂತ ಅರ್ಜಿ ಹಾಕಬೇಕು. ಓದುತ್ತಿರುವವರು ಕೊನೆಯ ವರ್ಷದ ಪ್ರಬಂಧಕ್ಕೆ ರೆಸಾರ್ಟು, ಧ್ಯಾನಮಂದಿರ ಆರಿಸಬೇಡಿ. ನಿಮ್ಮದೇ ಹಾಸ್ಟೆಲ್ಲನ್ನು ಆರಿಸಿರಿ, ನಿಮ್ಮದೇ ಕೇರಿಯನ್ನು ಆರಿಸಿರಿ. ‘ಇದರಲ್ಲಿ ವಿನ್ಯಾಸಕ್ಕೆ ಏನಿದೆ’ ಅಂತ ಗುರುಗಳು ಕೇಳಿದರೆ ಏಪ್ರಿಲ್ಲಿನಲ್ಲಿ ಒಂದು ರಾತ್ರಿ ಅವರನ್ನು ಕರೆತಂದು ಮಲಗಿಸಿರಿ.

ಉಳಿದವರು ಮುಂದಿನ ಸಭೆಗೆ ಬರುವ ಮುಂಚೆ ಒಂದು ಕೆಲಸ ಮಾಡಿರಿ. ಒಂದು ಅಳತೆ ಟೇಪು, ಒಂದು ಉಷ್ಣಮಾಪಕ ಸಾಕು. ನಿಮ್ಮ ಹಾಸ್ಟೆಲ್ಲಿನ ಕೋಣೆಯ ಉದ್ದ ಅಗಲ, ಅದರಾಗ ಮಲಗುವವರ ಸಂಖ್ಯೆ, ಕಿಟಕಿ ಯಾವ ದಿಕ್ಕಿಗೆ, ಎಷ್ಟು ಮಂದಿಗೆ ಒಂದು ಪಾಯಿಖಾನೆ ಬರೆದುಕೊಳ್ಳಿರಿ. ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಹತ್ತಕ್ಕೆ ಕೋಣೆಯ ಕಾವು ಎಷ್ಟು, ಹೊರಗೆ ಎಷ್ಟು, ಒಂದು ವಾರ ಬರೆಯಿರಿ. ಊರಿಗೆ ಹೋದಾಗ ಊರ ಬಾವಿಯಿಂದ ಕೇರಿಯ ಮೊದಲ ಮನೆಗೆ ಎಷ್ಟು ಹೆಜ್ಜೆ, ಊರ ಚರಂಡಿ ಕೊನೆಗೆ ಎಲ್ಲಿ ಬೀಳುತ್ತದೆ, 2019ರ ನೀರು ಯಾವ ಗೋಡೆಯ ತನಕ ಬಂದಿತ್ತು ಅಂತ ಹಿರಿಯರನ್ನು ಕೇಳಿ ಗುರುತು ಹಾಕಿರಿ. ಗೆರೆ ಸೊಟ್ಟ ಆದರೂ ಅಡ್ಡಿಯಿಲ್ಲ, ಅಂಕಿ ಸರಿ ಇರಲಿ. ಕಾಗದ ಸಾಲದಿದ್ದರೆ ಹಳೇ ಕ್ಯಾಲೆಂಡರಿನ ಹಿಂಬದಿ ನಡೆಯುತ್ತದೆ.